ಗೇಮ್‌ಗಳ ವೇಗ ಅಳೆಯುವುದು ಹೇಗೆ? ಹಾರ್ಡ್‌ವೇರ್ ವಿಮರ್ಶೆ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಹೊಸದುರ್ಗ ಕಡೆಯಲ್ಲಿ ಕೂತು ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್, ಲ್ಯಾಪ್‌ಟಾಪ್‌ಗಳ ವಿಮರ್ಶೆಯನ್ನು ಕನ್ನಡದಲ್ಲಿ ಬರೆಯಹೊರಟವರಿಗಾಗಿ ಈ ಪುಟ. ಎಸಿ ಇಲ್ಲದ ಕೋಣೆ, ಆಗಾಗ ಹೋಗುವ ಕರೆಂಟು, ಕೈಯಲ್ಲಿ ಒಂದೋ ಎರಡೋ ಕಾರ್ಡ್. ಇಷ್ಟರಲ್ಲೇ ನಂಬಿಕೆಗೆ ಯೋಗ್ಯವಾದ ಸಂಖ್ಯೆ ತೆಗೆಯಬಹುದು. ನೀವು ಅಳೆದದ್ದನ್ನು ಇನ್ನೊಬ್ಬರು ಅದೇ ರೀತಿ ಅಳೆದರೆ ಅದೇ ಉತ್ತರ ಬರಬೇಕು ಎಂಬುದೊಂದೇ ಶರತ್ತು.

ಗೇಮ್ ಓಡುವಾಗ ಪರದೆಯ ಮೂಲೆಯಲ್ಲಿ ಕಾಣುವ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) ಬರೆದುಕೊಂಡರೆ ಸಾಲದೇ?

ಸಾಲದು. ಅದು ಅರ್ಧ ಸೆಕೆಂಡಿಗೋ ಒಂದು ಸೆಕೆಂಡಿಗೋ ಒಮ್ಮೆ ಬದಲಾಗುವ ಸರಾಸರಿ. ಆ ಸೆಕೆಂಡಿನ ಒಳಗೆ ಏನಾಯಿತು ಎಂಬುದು ಅದರಲ್ಲಿ ಕಾಣುವುದಿಲ್ಲ. ಒಂದೇ ಒಂದು ಸೆಕೆಂಡನ್ನು ಹತ್ತಿರದಿಂದ ನೋಡಿ: 59 ಫ್ರೇಮ್‌ಗಳು ತಲಾ 10 ಮಿಲಿಸೆಕೆಂಡಿನಲ್ಲಿ ಬಂದವು, ಒಂದು ಫ್ರೇಮ್ ಮಾತ್ರ 410 ಮಿಲಿಸೆಕೆಂಡ್ ತೆಗೆದುಕೊಂಡಿತು. 590ಕ್ಕೆ 410 ಕೂಡಿದರೆ 1000. ಕೌಂಟರ್ 60 ಎಂದು ತೋರಿಸುತ್ತದೆ. ಆಡುತ್ತಿದ್ದವರಿಗೆ ಮಾತ್ರ ಪರದೆ ಹೆಚ್ಚುಕಡಿಮೆ ಅರ್ಧ ಸೆಕೆಂಡ್ ಅಲ್ಲಾಡದೆ ನಿಂತಿತ್ತು, ಅಷ್ಟರಲ್ಲಿ ಎದುರಾಳಿ ಗುಂಡು ಹೊಡೆದಾಗಿತ್ತು.

ಆದ್ದರಿಂದ ಅಳೆಯಬೇಕಾದದ್ದು ಪ್ರತಿ ಫ್ರೇಮಿಗೆ ಹಿಡಿದ ಸಮಯ, ಅಂದರೆ ಫ್ರೇಮ್‌ಟೈಮ್. 30 ಎಫ್‌ಪಿಎಸ್ ಎಂದರೆ ಫ್ರೇಮಿಗೆ 33.3 ಮಿಲಿಸೆಕೆಂಡ್, 60 ಎಂದರೆ 16.7, 144 ಎಂದರೆ 6.9. ಈ ಲೆಕ್ಕವನ್ನು ವಿಮರ್ಶೆಯ ಮುನ್ನೆಲೆಗೆ ತಂದವರು ‘ದಿ ಟೆಕ್ ರಿಪೋರ್ಟ್’ ತಾಣದ ಸ್ಕಾಟ್ ವಾಸನ್, 2011ರಲ್ಲಿ. ಸರಾಸರಿ ಎಫ್‌ಪಿಎಸ್ ಚೆನ್ನಾಗಿದ್ದರೂ ಕೆಲವು ಕಾರ್ಡ್‌ಗಳಲ್ಲಿ ಗೇಮ್ ಯಾಕೆ ಜರ್ಕ್ ಹೊಡೆಯುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಹಾಗೆ ಅಳೆಯತೊಡಗಿದ ಮೇಲೆಯೇ.

ಯಾವ ಸಾಫ್ಟ್‌ವೇರ್ ಬಳಸಬೇಕು? ದುಡ್ಡು ಕೊಡಬೇಕೇ?

ಕೊಡಬೇಕಾಗಿಲ್ಲ. ವಿಂಡೋಸ್‌ನಲ್ಲಿ ಬಹುಪಾಲು ಉಪಕರಣಗಳ ಬುಡ ಒಂದೇ: ಇಂಟೆಲ್‌ನ ಪ್ರೆಸೆಂಟ್‌ಮಾನ್. ಇದು ಮುಕ್ತ ತಂತ್ರಾಂಶ. ಗೇಮಿನ ಒಳಗೆ ಕೈ ಹಾಕದೆ ವಿಂಡೋಸ್ ತಾನೇ ಬರೆಯುವ ಈವೆಂಟ್‌ಗಳನ್ನು ಓದುತ್ತದೆ, ಹಾಗಾಗಿ ವೇಗದ ಮೇಲೆ ಇದರ ಹೊರೆ ತೀರಾ ಕಡಿಮೆ. ಇದನ್ನೇ ಒಳಗಿಟ್ಟುಕೊಂಡು ಗ್ರಾಫ್, ಹೋಲಿಕೆ ಎಲ್ಲ ಮಾಡಿಕೊಡುವುದು ಕ್ಯಾಪ್‌ಫ್ರೇಮ್‌ಎಕ್ಸ್. ಎನ್ವಿಡಿಯಾದ ಫ್ರೇಮ್‌ವ್ಯೂ ಕೂಡ ಇದೇ ಬುಡದ್ದು. ಎಂಎಸ್‌ಐ ಆಫ್ಟರ್‌ಬರ್ನರ್ ಜತೆಗೆ ಬರುವ ರಿವಾಟ್ಯೂನರ್ ಬೇರೆ ಜಾತಿಯದು. ಪರದೆಯ ಮೇಲೆ ತಾಪಮಾನ, ವ್ಯಾಟ್ ನೋಡಲು ಅದು ಚೆನ್ನ. ಫ್ರಾಪ್ಸ್ ಮರೆತುಬಿಡಿ. 2013ರ ನಂತರ ಅದಕ್ಕೆ ಹೊಸ ಆವೃತ್ತಿ ಬಂದಿಲ್ಲ, ಡೈರೆಕ್ಟ್‌ಎಕ್ಸ್ 12 ಮತ್ತು ವಲ್ಕನ್ ಅದಕ್ಕೆ ತಿಳಿಯದು.

ಹೊಸಬರು ಕ್ಯಾಪ್‌ಫ್ರೇಮ್‌ಎಕ್ಸ್‌ನಿಂದ ಶುರುಮಾಡಲಿ. ಕ್ಯಾಪ್ಚರ್ ಸಮಯ 60 ಸೆಕೆಂಡ್ ಎಂದು ಕೊಡಿ, ಹಾಟ್‌ಕೀ ಒಂದನ್ನು ಗೊತ್ತುಮಾಡಿ. ಗೇಮಿನಲ್ಲಿ ಕೀ ಒತ್ತಿದರೆ ಬೀಪ್ ಶಬ್ದದೊಂದಿಗೆ ದಾಖಲಾತಿ ಆರಂಭ, 60 ಸೆಕೆಂಡಿಗೆ ತಾನಾಗಿಯೇ ನಿಲ್ಲುತ್ತದೆ. ಕೈಯಿಂದ ನಿಲ್ಲಿಸಬೇಡಿ. ಪ್ರತಿ ಸುತ್ತಿನ ಉದ್ದ ಬೇರೆಬೇರೆಯಾದರೆ ಹೋಲಿಕೆ ಕೆಡುತ್ತದೆ.

1% ಲೋ ಎಂದರೇನು? ಇಬ್ಬರ ವಿಮರ್ಶೆಯಲ್ಲಿ ಅದು ಬೇರೆಬೇರೆ ಇರುವುದೇಕೆ?

ಅತಿ ನಿಧಾನವಾಗಿ ಬಂದ ಶೇ 1 ಫ್ರೇಮ್‌ಗಳ ವೇಗವನ್ನು ಎಫ್‌ಪಿಎಸ್‌ನಲ್ಲಿ ಹೇಳುವ ಸಂಖ್ಯೆ ಅದು. ಹೆಸರು ಒಂದೇ, ಲೆಕ್ಕ ಬೇರೆ. ಒಂದು ಬಗೆ ಪರ್ಸೆಂಟೈಲ್: ಎಲ್ಲ ಫ್ರೇಮ್‌ಗಳನ್ನು ಸಮಯದ ಪ್ರಕಾರ ಸಾಲಾಗಿ ನಿಲ್ಲಿಸಿ, ಅತಿ ನಿಧಾನದ ಶೇ 1ರ ಗಡಿಯಲ್ಲಿ ನಿಂತ ಒಂದು ಫ್ರೇಮಿನ ಬೆಲೆ ತೆಗೆದುಕೊಳ್ಳುವುದು. ಇನ್ನೊಂದು ಬಗೆ: ಅತಿ ನಿಧಾನದ ಆ ಶೇ 1 ಫ್ರೇಮ್‌ಗಳಷ್ಟನ್ನೂ ಕೂಡಿಸಿ ಸರಾಸರಿ ಮಾಡುವುದು. ಎರಡನೆಯದು ಯಾವಾಗಲೂ ಮೊದಲನೆಯದಕ್ಕಿಂತ ಕಡಿಮೆ, ಹೆಚ್ಚೆಂದರೆ ಸಮ. ಯಾಕೆಂದರೆ ಗಡಿಯ ಆಚೆ ಇರುವ ದೊಡ್ಡ ಜರ್ಕ್‌ಗಳೂ ಅದರಲ್ಲಿ ಸೇರುತ್ತವೆ. ಫ್ರೇಮ್‌ಗಳ ಎಣಿಕೆಯ ಬದಲು ಒಟ್ಟು ಸಮಯದ ಶೇ 1 ತೆಗೆದುಕೊಳ್ಳುವ ಮೂರನೆಯ ಕ್ರಮವೂ ಕ್ಯಾಪ್‌ಫ್ರೇಮ್‌ಎಕ್ಸ್‌ನಲ್ಲಿದೆ.

ಯಾವುದನ್ನಾದರೂ ಆರಿಸಿ, ಆದರೆ ಎಲ್ಲ ವಿಮರ್ಶೆಗೂ ಅದೇ ಇರಲಿ, ಗ್ರಾಫಿನ ಕೆಳಗೆ ಯಾವುದೆಂದು ಬರೆದಿರಲಿ. ನಮ್ಮ ಒಲವು ನಿಧಾನದ ಶೇ 1ರ ಸರಾಸರಿಯ ಕಡೆಗೆ. ಆಡುವವರಿಗೆ ಕಣ್ಣಿಗೆ ಹೊಡೆಯುವ ಜರ್ಕ್ ಅದರಲ್ಲಿ ಅಡಗಿಕೊಳ್ಳುವುದಿಲ್ಲ.

0.1% ಲೋ ಬಗ್ಗೆ ಎಚ್ಚರ ಬೇಕು. 100 ಎಫ್‌ಪಿಎಸ್‌ನಲ್ಲಿ 60 ಸೆಕೆಂಡ್ ಅಳೆದರೆ 6000 ಫ್ರೇಮ್. ಅದರ ಶೇ 1 ಎಂದರೆ 60 ಫ್ರೇಮ್, ಶೇ 0.1 ಎಂದರೆ ಬರೇ 6. ಹಿನ್ನೆಲೆಯಲ್ಲಿ ಆಂಟಿವೈರಸ್ ಒಮ್ಮೆ ಎದ್ದು ಕೂತರೂ ಆ ಆರು ಫ್ರೇಮ್‌ಗಳ ಲೆಕ್ಕ ತಲೆಕೆಳಗಾಗುತ್ತದೆ. ಅಷ್ಟು ಸಣ್ಣ ಗುಂಪಿನ ಮೇಲೆ ‘ಈ ಕಾರ್ಡ್ ಮೇಲು’ ಎಂದು ತೀರ್ಪು ಕೊಡಬಾರದು.

ಎಕ್ಸೆಲ್‌ನಲ್ಲಿ ಎಫ್‌ಪಿಎಸ್‌ನ ಕಾಲಮ್ಮನ್ನು ಸರಾಸರಿ ಮಾಡಿದೆ, ಸಾಫ್ಟ್‌ವೇರ್ ತೋರಿಸುವುದಕ್ಕಿಂತ ಹೆಚ್ಚು ಬಂತು. ಯಾಕೆ?

ಪ್ರತಿ ಫ್ರೇಮಿನ ಎಫ್‌ಪಿಎಸ್ ಕಂಡುಹಿಡಿದು ಅವನ್ನು ಸರಾಸರಿ ಮಾಡಿರುತ್ತೀರಿ. ಎರಡು ಫ್ರೇಮ್ ತೆಗೆದುಕೊಳ್ಳಿ: ಒಂದಕ್ಕೆ 10 ಮಿಲಿಸೆಕೆಂಡ್, ಇನ್ನೊಂದಕ್ಕೆ 30. ಅವು 100 ಮತ್ತು 33.3 ಎಫ್‌ಪಿಎಸ್, ಸರಾಸರಿ 66.7 ಎಂದು ಬರುತ್ತದೆ. ಆದರೆ ನಿಜಕ್ಕೂ ಆದದ್ದು 40 ಮಿಲಿಸೆಕೆಂಡಿನಲ್ಲಿ 2 ಫ್ರೇಮ್, ಅಂದರೆ 50 ಎಫ್‌ಪಿಎಸ್. ಒಟ್ಟು ಫ್ರೇಮ್‌ಗಳನ್ನು ಒಟ್ಟು ಸಮಯದಿಂದ ಭಾಗಿಸಿ, ಅದೇ ಸರಿ. ತಪ್ಪು ಲೆಕ್ಕ ಯಾವತ್ತೂ ಹೆಚ್ಚಿನ ಕಡೆಗೇ ವಾಲುತ್ತದೆ, ಜರ್ಕ್ ಜಾಸ್ತಿಯಿದ್ದಷ್ಟೂ ಹೆಚ್ಚು ವಾಲುತ್ತದೆ.

ಗೇಮಿನಲ್ಲೇ ಇರುವ ಬೆಂಚ್‌ಮಾರ್ಕ್ ಓಡಿಸಲೇ, ಅಥವಾ ಆಡಿ ಅಳೆಯಲೇ?

ಗೇಮಿನೊಳಗಿನ ಬೆಂಚ್‌ಮಾರ್ಕ್‌ನ ಲಾಭ, ಪ್ರತಿ ಸಲವೂ ಒಂದೇ ದಾರಿ. ಸೈಬರ್‌ಪಂಕ್ 2077, ಫೋರ್ಜಾ ಹೊರೈಜನ್ 5, ರೆಡ್ ಡೆಡ್ ರಿಡೆಂಪ್ಷನ್ 2, ಶ್ಯಾಡೋ ಆಫ್ ದ ಟೂಂಬ್ ರೈಡರ್ ಇವುಗಳಲ್ಲೆಲ್ಲ ಅದಿದೆ. ನಷ್ಟವೆಂದರೆ, ಎಷ್ಟೋ ಗೇಮ್‌ಗಳಲ್ಲಿ ಆ ದೃಶ್ಯ ನಿಜವಾದ ಆಟಕ್ಕಿಂತ ಹಗುರ, ಮುಖ್ಯವಾಗಿ ಪ್ರೊಸೆಸರಿನ ಮಟ್ಟಿಗೆ. ಕ್ಯಾಮೆರಾ ಹಾರಿಕೊಂಡು ಹೋಗುತ್ತದೆ; ಹೊಡೆದಾಟವಿಲ್ಲ, ಹೊಸ ಜಾಗ ಲೋಡ್ ಆಗುವ ತಾಪತ್ರಯವಿಲ್ಲ.

ಸಾಧ್ಯವಿದ್ದಲ್ಲಿ ಆಡಿಯೇ ಅಳೆಯಿರಿ. ಅದಕ್ಕೊಂದು ದಾರಿ ಹಾಕಿಕೊಳ್ಳಬೇಕು. ಸೇವ್ ಫೈಲ್ ಒಂದನ್ನು ಇಟ್ಟುಕೊಂಡು, ಅದನ್ನು ಲೋಡ್ ಮಾಡಿ, 20 ಸೆಕೆಂಡ್ ಸುಮ್ಮನೆ ನಿಂತು, ಹಾಟ್‌ಕೀ ಒತ್ತಿ, ಗುರುತಿಟ್ಟ ತಿರುವುಗಳಲ್ಲಿ ತಿರುಗಿ, ಗುರುತಿಟ್ಟ ಕಡೆ ನಿಲ್ಲುವುದು. ಎಲ್ಲಿ ನಿಲ್ಲಬೇಕು ಎಂಬುದು ಕಾಗದದಲ್ಲಿರಲಿ: ‘ಬಾವಿಯ ಎಡಕ್ಕೆ, ಮೆಟ್ಟಿಲು ಹತ್ತಿ, ಕಮಾನಿನ ಕೆಳಗೆ’ ಎನ್ನುವಷ್ಟು ಸ್ಪಷ್ಟವಾಗಿ. ಪ್ರೊಸೆಸರ್ ಪರೀಕ್ಷೆಗೆ ಜನಜಂಗುಳಿ ಇರುವ ಜಾಗ ಬೇಕು. ಬಾಲ್ಡುರ್ಸ್ ಗೇಟ್ 3ರ ಮೂರನೆಯ ಅಂಕದ ಪೇಟೆ ಇದಕ್ಕೆ ಹೇಳಿ ಮಾಡಿಸಿದ್ದು. ಆ ಗೇಮಿನಲ್ಲಿ ಬೆಂಚ್‌ಮಾರ್ಕ್ ಇಲ್ಲ, ಮೊದಲ ಅಂಕದ ಕಾಡಿನಲ್ಲಿ ಅಳೆದರೆ ಹಳೆಯ ಪ್ರೊಸೆಸರುಗಳೂ ಜಾಣರಂತೆ ಕಾಣುತ್ತವೆ.

ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2ರಂಥ ಆನ್‌ಲೈನ್ ಗೇಮ್‌ಗಳಲ್ಲಿ ನಿಜವಾದ ಮ್ಯಾಚನ್ನು ಅಳೆದು ಹೋಲಿಸುವುದು ವ್ಯರ್ಥ. ಎರಡು ಮ್ಯಾಚ್ ಒಂದೇ ಥರ ಇರುವುದಿಲ್ಲ. ಬಾಟ್‌ಗಳೊಂದಿಗೆ ಅಥವಾ ಅಭ್ಯಾಸದ ಮ್ಯಾಪ್‌ನಲ್ಲಿ ಒಂದೇ ಕ್ರಮ ಪಾಲಿಸಿ, ಹೊಗೆ ಬಾಂಬನ್ನು ಒಂದೇ ಜಾಗದಲ್ಲಿ ಎಸೆಯಿರಿ. ಫ್ಯಾಕ್ಟೋರಿಯೋ, ಸಿವಿಲೈಸೇಷನ್ 6ರಂಥವುಗಳಿಗೆ ಎಫ್‌ಪಿಎಸ್ ಅಳತೆಯೇ ಸಲ್ಲದು. ಒಂದು ಸರದಿ ಮುಗಿಯಲು ಎಷ್ಟು ಸೆಕೆಂಡ್, ಸೆಕೆಂಡಿಗೆ ಎಷ್ಟು ಅಪ್‌ಡೇಟ್ ಎಂದು ನೋಡಬೇಕು.

ಎಷ್ಟು ಸಲ ಅಳೆಯಬೇಕು?

ಒಂದು ದೃಶ್ಯಕ್ಕೆ ಕನಿಷ್ಠ ನಾಲ್ಕು ಸುತ್ತು. ಮೊದಲನೆಯದನ್ನು ಎಸೆದು ಉಳಿದ ಮೂರರ ನಡುವಿನದನ್ನು ತೆಗೆದುಕೊಳ್ಳಿ. ಮೊದಲ ಸುತ್ತು ಎರಡು ಕಾರಣಕ್ಕೆ ಕೆಟ್ಟದ್ದು. ಶೇಡರ್‌ಗಳು (ಚಿತ್ರ ಬಿಡಿಸಲು ಕಾರ್ಡ್ ಓಡಿಸುವ ಪುಟ್ಟ ಪ್ರೋಗ್ರಾಂಗಳು) ಆಗಷ್ಟೇ ಕಂಪೈಲ್ ಆಗುತ್ತಿರುತ್ತವೆ, ಹಾಗಾಗಿ 1% ಲೋ ನೆಲಕಚ್ಚುತ್ತದೆ. ಇತ್ತ ಕಾರ್ಡ್ ಇನ್ನೂ ತಣ್ಣಗಿರುವುದರಿಂದ ಸರಾಸರಿ ಮೇಲೇರುತ್ತದೆ. ಅದನ್ನೇ ಬರೆದರೆ ಅರೆಬರೆ ಒಣಗಿದ ಅಡಿಕೆಯನ್ನು ತೂಗಿ ಲೆಕ್ಕ ಹಾಕಿದ ಹಾಗೆ. ಡ್ರೈವರ್ ಬದಲಿಸಿದರೆ ಶೇಡರ್ ಸಂಗ್ರಹ ಅಳಿಸಿಹೋಗುತ್ತದೆ, ಆಗ ಮತ್ತೆ ಮೊದಲಿನಿಂದ ಬೆಚ್ಚಗಾಗಿಸಿ.

ಮೂರು ಸುತ್ತುಗಳ ಸರಾಸರಿಯಲ್ಲಿ ಶೇ 3ಕ್ಕಿಂತ ಹೆಚ್ಚು ಅಂತರ ಬಂದರೆ ಇನ್ನೆರಡು ಸುತ್ತು ಓಡಿಸುವ ಮೊದಲು ಕಾರಣ ಹುಡುಕಿ. ಹಿನ್ನೆಲೆಯ ಡೌನ್‌ಲೋಡ್, ಗೇಮಿನಲ್ಲಿ ಬದಲಾದ ಹಗಲು ರಾತ್ರಿ ಅಥವಾ ಮಳೆ, ಬಿಸಿಯೇರಿದ ಕೋಣೆ ಇವು ಸಾಮಾನ್ಯ ಕಾರಣಗಳು. ಎರಡು ಕಾರ್ಡ್‌ಗಳ ಅಂತರ ಶೇ 2ರ ಒಳಗಿದ್ದರೆ ‘ಎರಡೂ ಸಮ’ ಎಂದೇ ಬರೆಯಿರಿ. 87.43 ಎಂದು ದಶಾಂಶ ಹಾಕಿದರೆ ನಿಖರತೆ ಬರುವುದಿಲ್ಲ, 87 ಸಾಕು.

ಅಳೆಯುವ ಮೊದಲು ಕಂಪ್ಯೂಟರನ್ನು ಹೇಗೆ ಸಿದ್ಧಪಡಿಸಬೇಕು?

ಬಯೋಸ್‌ನಿಂದ ಶುರುಮಾಡಿ. ರ‍್ಯಾಮ್‌ನ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಅದನ್ನು ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಆಗಿದೆಯೇ? ಅಂಗಡಿಯಲ್ಲಿ ಜೋಡಿಸಿಕೊಟ್ಟ ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಆಫ್ ಇರುತ್ತದೆ. 3200ರ ರ‍್ಯಾಮ್ 2133 ಅಥವಾ 2400ರಲ್ಲಿ ಓಡುತ್ತಿದ್ದರೆ ಪ್ರೊಸೆಸರ್ ಪರೀಕ್ಷೆ ಪೂರ್ತಿ ಸುಳ್ಳಾಗುತ್ತದೆ. ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರಿಗೆ ಒಟ್ಟಿಗೆ ತೆರೆದುಕೊಡುವ ಆಯ್ಕೆ) ಆನ್ ಇರಲಿ. ಇಂಟೆಲ್‌ನ ಆರ್ಕ್ ಕಾರ್ಡ್‌ಗಳಂತೂ ಅದಿಲ್ಲದಿದ್ದರೆ ತುಂಬಾ ಹಿಂದೆ ಬೀಳುತ್ತವೆ. ಕೇಬಲ್ ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದೆಯೇ ನೋಡಿ.

ವಿಂಡೋಸ್‌ನಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ಸುರಕ್ಷತೆಯ ಆಯ್ಕೆ ಗೇಮಿನ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ. ಆನ್ ಇರಲಿ ಆಫ್ ಇರಲಿ, ಎಲ್ಲ ಪರೀಕ್ಷೆಗೂ ಒಂದೇ ಸ್ಥಿತಿ ಇರಬೇಕು. ಅಪ್‌ಡೇಟ್‌ಗಳನ್ನು ಮುಗಿಸಿ, ಆಮೇಲೆ ತಡೆಹಿಡಿಯಿರಿ. ಅಪ್‌ಡೇಟ್‌ನಿಂದ ಫಲಿತಾಂಶ ಬದಲಾಗುವುದುಂಟು: 2024ರ ಆಗಸ್ಟ್‌ನಲ್ಲಿ ವಿಂಡೋಸ್ 11ರ ಒಂದು ಅಪ್‌ಡೇಟ್ ರೈಜನ್ ಪ್ರೊಸೆಸರುಗಳ ಬ್ರಾಂಚ್ ಪ್ರಿಡಿಕ್ಷನ್ ಸುಧಾರಿಸಿತು, ಅದಕ್ಕೆ ಮೊದಲಿನ ಹಾಗೂ ನಂತರದ ಸಂಖ್ಯೆಗಳನ್ನು ಒಂದೇ ಗ್ರಾಫಿನಲ್ಲಿ ಹಾಕುವಂತಿಲ್ಲ.

ಗೇಮಿನ ಒಳಗೆ ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರಿನ ವೇಗಕ್ಕೆ ಕಟ್ಟುವ ಆಯ್ಕೆ) ಆಫ್, ಫ್ರೇಮ್ ಮಿತಿ ತೆಗೆದದ್ದು, ಡೈನಮಿಕ್ ರೆಸಲ್ಯೂಷನ್ ಆಫ್. ಕೊನೆಯದನ್ನು ಮರೆಯುವವರೇ ಹೆಚ್ಚು. ಅದು ಆನ್ ಇದ್ದರೆ ನಿಧಾನದ ಕಾರ್ಡ್ ಗುಟ್ಟಾಗಿ ಚಿತ್ರದ ಗುಣಮಟ್ಟ ಇಳಿಸಿಕೊಂಡು ವೇಗದ ಕಾರ್ಡಿನ ಸರಿಸಮ ನಿಲ್ಲುತ್ತದೆ. ಮಾನಿಟರಿನ ವೇಗವನ್ನು ಕಾರ್ಡಿಗೆ ಹೊಂದಿಸುವ ಜಿ-ಸಿಂಕ್, ಫ್ರೀಸಿಂಕ್ ಕೂಡ ಪರೀಕ್ಷೆ ಮುಗಿಯುವ ತನಕ ಆಫ್. 144 ಹರ್ಟ್ಸ್ ಮಾನಿಟರಿನಲ್ಲಿ ಸಂಖ್ಯೆ ಸರಿಯಾಗಿ 138ಕ್ಕೆ ಅಂಟಿಕೊಂಡು ನಿಂತರೆ ಅದು ಕಾರ್ಡಿನ ಮಿತಿಯಲ್ಲ. ಜಿ-ಸಿಂಕ್, ವಿ-ಸಿಂಕ್, ರಿಫ್ಲೆಕ್ಸ್ (ವಿಳಂಬ ತಗ್ಗಿಸುವ ಎನ್ವಿಡಿಯಾದ ಆಯ್ಕೆ) ಮೂರೂ ಒಟ್ಟಿಗೆ ಆನ್ ಇದ್ದಾಗ ಬರುವ ಮಿತಿ ಅದು.

ಕಾರ್ಡ್ ಬದಲಿಸುವಾಗ, ಅದರಲ್ಲೂ ಎಎಂಡಿಯಿಂದ ಎನ್ವಿಡಿಯಾಕ್ಕೆ ಹೋಗುವಾಗ, ಸೇಫ್ ಮೋಡ್‌ನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಓಡಿಸಿ ಹಳೆಯ ಡ್ರೈವರ್ ಪೂರ್ತಿ ತೆಗೆಯಿರಿ. ಆಗ ಇಂಟರ್‌ನೆಟ್ ಕೇಬಲ್ ಕಳಚಿಟ್ಟಿರಿ, ಇಲ್ಲವಾದರೆ ವಿಂಡೋಸ್ ತನಗೆ ಬೇಕಾದ ಡ್ರೈವರನ್ನು ತಾನೇ ತಂದು ಹಾಕುತ್ತದೆ. ಸ್ಟೀಮ್‌ನಲ್ಲಿ ಪರೀಕ್ಷೆಯ ಗೇಮ್‌ಗಳ ಅಪ್‌ಡೇಟ್ ತಾನಾಗಿ ಆಗದಂತೆ ಇಟ್ಟುಕೊಳ್ಳಿ, ಮತ್ತು ಒಂದು ಪ್ರತಿಯನ್ನು ಬೇರೆ ಎಸ್‌ಎಸ್‌ಡಿಯಲ್ಲಿ ಇರಿಸಿ. ಒಂದೊಂದು ಗೇಮ್ 100 ಜಿಬಿ ಮೀರುವ ಕಾಲ ಇದು.

ಪ್ರೊಸೆಸರ್ ಪರೀಕ್ಷೆಯನ್ನು 1080ಪಿಯಲ್ಲಿ ಏಕೆ ಮಾಡುತ್ತಾರೆ? ನಾನು 4ಕೆಯಲ್ಲಿ ಆಡುವವನು.

4ಕೆಯಲ್ಲಿ ಕೆಲಸವೆಲ್ಲ ಗ್ರಾಫಿಕ್ಸ್ ಕಾರ್ಡಿನ ತಲೆಗೆ ಬೀಳುತ್ತದೆ, ಪ್ರೊಸೆಸರುಗಳೆಲ್ಲ ಅದರ ದಾರಿ ಕಾಯುತ್ತ ಒಂದೇ ಅಂಕ ಪಡೆಯುತ್ತವೆ. ಹಾಗೆ ಅಳೆದದ್ದು ಕಾರ್ಡನ್ನು, ಪ್ರೊಸೆಸರನ್ನಲ್ಲ. ಇರುವುದರಲ್ಲಿ ಅತಿ ವೇಗದ ಕಾರ್ಡ್ ಹಾಕಿ, ರೆಸಲ್ಯೂಷನ್ ಇಳಿಸಿ ನೋಡಿದಾಗ ಪ್ರೊಸೆಸರಿನ ನಿಜವಾದ ಮಿತಿ ಗೊತ್ತಾಗುತ್ತದೆ. ಮೂರು ವರ್ಷ ಬಿಟ್ಟು ನೀವು ಕಾರ್ಡ್ ಬದಲಿಸಿದಾಗ ಎದುರಾಗುವುದು ಅದೇ ಮಿತಿ. ಕಾರ್ಡ್ ಪರೀಕ್ಷೆಯಲ್ಲಿ ಇದರ ಉಲ್ಟಾ: ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ ಶೇ 97ಕ್ಕಿಂತ ಮೇಲಿದೆಯೇ ನೋಡಿಕೊಳ್ಳಿ. ಶೇ 70ರಲ್ಲಿ ಕೂತಿದ್ದರೆ ಪ್ರೊಸೆಸರ್ ಅಡ್ಡ ಬಂದಿದೆ, ಎರಡು ಕಾರ್ಡ್‌ಗಳ ನಡುವೆ ಇರುವ ಅಂತರ ಮುಚ್ಚಿಹೋಗುತ್ತದೆ.

ನಮ್ಮ ಕಡೆಯ ಸೆಕೆಯಲ್ಲಿ, ಎಸಿ ಇಲ್ಲದೆ, ತಾಪಮಾನದ ಪರೀಕ್ಷೆಗೆ ಅರ್ಥವಿದೆಯೇ?

ಇದೆ, ಮತ್ತು ಓದುಗರಿಗೆ ಬೇಕಾದದ್ದೂ ಅದೇ. 21 ಡಿಗ್ರಿಯ ಕೋಣೆಯಲ್ಲಿ ಅಳೆದ ವಿದೇಶಿ ವಿಮರ್ಶೆಯಿಂದ ಏಪ್ರಿಲ್ ತಿಂಗಳ ಕಾಸರಗೋಡಿನಲ್ಲಿ, ತಾರಸಿ ಮನೆಯ ಮಹಡಿಯ ಕೋಣೆಯಲ್ಲಿ, 34 ಡಿಗ್ರಿಯಲ್ಲಿ ಆ ಲ್ಯಾಪ್‌ಟಾಪ್ ಏನಾಗುತ್ತದೆಂದು ತಿಳಿಯುವುದಿಲ್ಲ.

ವ್ಯಾಟ್ ಮತ್ತು ಫ್ಯಾನ್ ವೇಗ ಬದಲಾಗದೆ ಇದ್ದರೆ, ಕೋಣೆ ಒಂದು ಡಿಗ್ರಿ ಏರಿದಾಗ ಚಿಪ್ ಕೂಡ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಆದ್ದರಿಂದ ಚಿಪ್ಪಿನ ತಾಪಮಾನದಿಂದ ಕೋಣೆಯದನ್ನು ಕಳೆದು ಬರೆಯಿರಿ: ‘ಕೋಣೆಗಿಂತ 41 ಡಿಗ್ರಿ ಹೆಚ್ಚು’. ಬೆಳಿಗ್ಗೆ 27 ಡಿಗ್ರಿಯಲ್ಲಿ ಅಳೆದ ಕಾರ್ಡನ್ನು ಮಧ್ಯಾಹ್ನ 33ರಲ್ಲಿ ಅಳೆದ ಕಾರ್ಡಿನೊಂದಿಗೆ ಆಗ ಹೋಲಿಸಬಹುದು. ಆದರೆ ಈ ಉಪಾಯ ಫ್ಯಾನ್ ವೇಗ ಕಟ್ಟಿಹಾಕಿದಾಗ ಮಾತ್ರ ನಡೆಯುತ್ತದೆ. ಫ್ಯಾನನ್ನು ಅದರಷ್ಟಕ್ಕೆ ಬಿಟ್ಟರೆ ಬಿಸಿಗೆ ಅದು ಜೋರಾಗಿ ತಿರುಗಿ ತಾಪಮಾನ ಇಳಿಸುತ್ತದೆ, ವ್ಯತ್ಯಾಸವೆಲ್ಲ ಸದ್ದಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಎರಡು ಪರೀಕ್ಷೆ ಮಾಡಿ: ಒಂದು ಫ್ಯಾನ್ ಕಟ್ಟಿಹಾಕಿ, ಇನ್ನೊಂದು ಕಂಪನಿ ಕೊಟ್ಟ ಹಾಗೆಯೇ.

ಥರ್ಮಾಮೀಟರನ್ನು ಗೋಡೆಗೆ ತೂಗುಹಾಕಿ ಲೆಕ್ಕ ಹಿಡಿಯಬೇಡಿ. ಕ್ಯಾಬಿನೆಟ್ಟಿನ ಒಳಗೆ ಗಾಳಿ ಹೋಗುವ ಬದಿಯಲ್ಲಿ, ಒಂದು ಗೇಣು ದೂರದಲ್ಲಿ ಇಡಿ. ಹಿಂಬದಿಯ ಬಿಸಿಗಾಳಿ ಗೋಡೆಗೆ ತಾಗಿ ಮರಳಿ ಮುಂದಕ್ಕೆ ಬರುತ್ತಿದೆಯೇ ಎಂದೂ ಅದರಿಂದ ತಿಳಿಯುತ್ತದೆ. 500 ವ್ಯಾಟ್ ಎಳೆಯುವ ಕಂಪ್ಯೂಟರ್ ಕೋಣೆಗೆ ಬಿಟ್ಟುಕೊಡುವುದು 500 ವ್ಯಾಟ್ ಬಿಸಿಯನ್ನೇ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಒಂದು ಗಂಟೆಯೊಳಗೆ ಕೋಣೆಯೇ ಕೆಲವು ಡಿಗ್ರಿ ಏರಿರುತ್ತದೆ. ಪ್ರತಿ ಸುತ್ತಿನ ಆರಂಭಕ್ಕೂ ಕೊನೆಗೂ ಕೋಣೆಯ ತಾಪಮಾನ ಬರೆದುಕೊಳ್ಳಿ. ಸೀಲಿಂಗ್ ಫ್ಯಾನ್ ಒಂದೇ ವೇಗದಲ್ಲಿ ಇರಲಿ.

ಬಿಸಿಯಿಂದ ಎಫ್‌ಪಿಎಸ್ ಕೂಡ ತುಸು ಇಳಿಯುತ್ತದೆ. ಎನ್ವಿಡಿಯಾ ಕಾರ್ಡ್‌ಗಳು ಬಿಸಿಯಾದಂತೆ 15 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ವೇಗ ಇಳಿಸುತ್ತ ಬರುತ್ತವೆ. ಡೆಸ್ಕ್‌ಟಾಪಿನಲ್ಲಿ ಇದು ಶೇ ಒಂದೆರಡು, ಲ್ಯಾಪ್‌ಟಾಪಿನಲ್ಲಿ ಇನ್ನೂ ಹೆಚ್ಚು. ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶದಲ್ಲಿ ತಾಪಮಾನ, ಕ್ಲಾಕ್, ವ್ಯಾಟ್ ಮೂರನ್ನೂ ಒಟ್ಟಿಗೆ ಲಾಗ್ ಮಾಡಿ. ತಾಪಮಾನ ಒಂದೇ ಬರೆದರೆ ಕಥೆ ಅರ್ಧವೇ: ರೈಜನ್ 7000 ಸರಣಿಯ ಕೆಲವು ಪ್ರೊಸೆಸರುಗಳು ಪೂರ್ತಿ ಹೊರೆ ಬಿದ್ದಾಗ 95 ಡಿಗ್ರಿಗೆ ಹೋಗಿ ನಿಲ್ಲುವಂತೆಯೇ ಮಾಡಿದವು. ಅಲ್ಲಿ ಕೂಲರ್ ಬದಲಿಸಿದರೆ ಬದಲಾಗುವುದು ತಾಪಮಾನವಲ್ಲ, ಕ್ಲಾಕ್.

ಮಳೆಗಾಲದ ತೇವ ಕಂಪ್ಯೂಟರಿಗೆ ತೊಂದರೆಯೇ?

ಓಡುತ್ತಿರುವ ಕಂಪ್ಯೂಟರ್ ಸುತ್ತಲಿನ ಗಾಳಿಗಿಂತ ಬಿಸಿ ಇರುವುದರಿಂದ ಅದರ ಮೇಲೆ ನೀರು ಕೂರುವುದಿಲ್ಲ. ಅಪಾಯ ಇರುವುದು ಎಸಿ ಕೋಣೆಯಿಂದ ಅಥವಾ ಎಸಿ ಕಾರಿನಿಂದ ಹೊರತಂದ ತಣ್ಣಗಿನ ಕಾರ್ಡಿನಲ್ಲಿ. ಆಷಾಢದ ಗಾಳಿ ತಾಗಿದೊಡನೆ ಅದರ ಮೇಲೆ ಬೆವರಿನಂತೆ ಹನಿ ಮೂಡುತ್ತದೆ. ಪ್ಲಾಸ್ಟಿಕ್ ಚೀಲ ಬಿಚ್ಚದೆ ಒಂದು ಗಂಟೆ ಬಿಟ್ಟು ಆಮೇಲೆ ಜೋಡಿಸಿ. ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿ ಕಾರ್ಡಿನ ಸ್ಕ್ರೂ, ಬ್ರ್ಯಾಕೆಟ್, ಕನೆಕ್ಟರುಗಳಿಗೆ ತುಕ್ಕು ಹಿಡಿಸುತ್ತದೆ. ತೆಗೆದಿಡುವ ಕಾರ್ಡನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡಿ. ಬೇಸಿಗೆಯ ಕೆಂಪುಮಣ್ಣಿನ ಧೂಳು ಹೀಟ್‌ಸಿಂಕ್ ತುಂಬಿದ ಸೆಕೆಂಡ್ ಹ್ಯಾಂಡ್ ಕಾರ್ಡನ್ನು ಶುಚಿ ಮಾಡದೆ ಅಳೆದರೆ, ಅಳೆದದ್ದು ಧೂಳನ್ನೇ.

ವೋಲ್ಟೇಜ್ ಏರಿಳಿತದಿಂದ ಎಫ್‌ಪಿಎಸ್ ಬದಲಾಗುತ್ತದೆಯೇ? ಇನ್ವರ್ಟರಿನಲ್ಲಿ ಅಳೆಯಬಹುದೇ?

ಎಸ್‌ಎಂಪಿಎಸ್‌ನ (ಕಂಪ್ಯೂಟರಿನ ಪವರ್ ಸಪ್ಲೈಯ) ಮಿತಿಯೊಳಗೆ ಇರುವ ತನಕ ಬದಲಾಗುವುದಿಲ್ಲ. 100ರಿಂದ 240 ವೋಲ್ಟ್ ಎಂದು ಬರೆದದ್ದಾದರೆ ಸಂಜೆ ಹೊತ್ತು 190ಕ್ಕೆ ಇಳಿದರೂ ಒಳಗಿನ 12 ವೋಲ್ಟ್ ಹಾಗೆಯೇ ಇರುತ್ತದೆ. 200ರಿಂದ 240 ಎಂದು ಮಾತ್ರ ಬರೆದ ಅಗ್ಗದವುಗಳಲ್ಲಿ, ಹೊರೆ ಬಿದ್ದಾಗ ಕಂಪ್ಯೂಟರ್ ತಟ್ಟನೆ ಆಫ್ ಆಗಬಹುದು. ಅದನ್ನು ಕಾರ್ಡಿನ ದೋಷವೆಂದು ಬರೆದವರಿದ್ದಾರೆ.

ಮನೆಯ ಇನ್ವರ್ಟರ್ ಶುದ್ಧ ಸೈನ್ ವೇವ್ ಆಗಿದ್ದರೆ ಒಳ್ಳೆಯದು. ಚೌಕ ಅಲೆಯದ್ದು ಆ್ಯಕ್ಟಿವ್ ಪಿಎಫ್‌ಸಿ (ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ಗೆ ಒಗ್ಗದು. ಗುಂಯ್ ಎನ್ನುತ್ತದೆ, ಕೆಲವು ನಿಂತೇ ಹೋಗುತ್ತವೆ. ಇನ್ವರ್ಟರಿನ ಹಿಂದಿರುವ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಕರೆಂಟು ಹೋದಾಗ ಎಸ್‌ಎಂಪಿಎಸ್ ತಡೆದುಕೊಳ್ಳುವುದು ಪೂರ್ತಿ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್ ಮಾತ್ರ, ಇನ್ನೊಂದು ಮೋಡ್‌ನಲ್ಲಿ ಬದಲಾವಣೆಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡಬಲ್ಲದು. ಗೇಮ್ ಓಡುತ್ತಿರುವಾಗ 450 ವ್ಯಾಟ್ ಎಳೆಯುವ ಕಂಪ್ಯೂಟರಿಗೆ ಅದು ಒಂದು ಗಳಿಗೆಯೂ ಆಗದು. ಸುತ್ತಿನ ನಡುವೆ ಕರೆಂಟು ಹೋಗಿ ಬಂದರೆ ಆ ಸುತ್ತನ್ನು ಎಸೆಯಿರಿ. ತುಲಾ ತಿಂಗಳ ಸಂಜೆ ಗುಡುಗು ಕೇಳಿದರೆ ಪ್ಲಗ್ ಮಾತ್ರವಲ್ಲ, ಲ್ಯಾನ್ ಕೇಬಲನ್ನೂ ಕಳಚಿ.

ವಿದ್ಯುತ್ ಬಳಕೆ ಅಳೆಯುವುದು ಹೇಗೆ?

ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಇಡೀ ಕಂಪ್ಯೂಟರಿನ ಬಳಕೆ ಹೇಳುತ್ತದೆ, ಎಸ್‌ಎಂಪಿಎಸ್‌ನ ನಷ್ಟವೂ ಸೇರಿ. ಮೀಟರಿನಲ್ಲಿ 500 ಇದ್ದು ಎಸ್‌ಎಂಪಿಎಸ್‌ನ ದಕ್ಷತೆ ಶೇ 90 ಆದರೆ ಒಳಗಿನ ಭಾಗಗಳಿಗೆ ಹೋದದ್ದು 450. ಕಾರ್ಡ್ ತಾನೇ ಹೇಳುವ ವ್ಯಾಟನ್ನು ಕಣ್ಣುಮುಚ್ಚಿ ಹೋಲಿಸಬೇಡಿ. ಎಎಂಡಿಯ ಆರ್‌ಎಕ್ಸ್ 6000 ಸರಣಿ ಇಡೀ ಬೋರ್ಡಿನ ಲೆಕ್ಕ ಕೊಡುವುದಿಲ್ಲ, ಆರ್‌ಎಕ್ಸ್ 7000ದಿಂದ ಕೊಡುತ್ತದೆ. ಹಾಗಾಗಿ ಹಳೆಯದು ಇರುವುದಕ್ಕಿಂತ ಮಿತವ್ಯಯಿಯಂತೆ ಕಾಣುತ್ತದೆ. ಓದುಗರಿಗೆ ಬಿಲ್ಲಿನ ಭಾಷೆಯಲ್ಲಿ ಹೇಳಿ: 100 ವ್ಯಾಟ್ ವ್ಯತ್ಯಾಸ, ದಿನಕ್ಕೆ 3 ಗಂಟೆ ಆಟ, ಎರಡು ತಿಂಗಳ ಬಿಲ್ಲಿಗೆ 18 ಯೂನಿಟ್.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಆನ್ ಮಾಡಿ ಅಳೆಯಬಹುದೇ? ಫ್ರೇಮ್ ಜನರೇಷನ್?

ಎನ್ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್ ಕಡಿಮೆ ರೆಸಲ್ಯೂಷನ್ನಿನಲ್ಲಿ ತಯಾರಾದ ಚಿತ್ರವನ್ನು ದೊಡ್ಡದು ಮಾಡುವ ತಂತ್ರಗಳು. ಮೊದಲು ಅವಿಲ್ಲದೆ ಅಳೆಯಿರಿ, ಆಮೇಲೆ ಬೇರೆ ಗ್ರಾಫಿನಲ್ಲಿ ಅವನ್ನು ಕೊಡಿ. ಕ್ವಾಲಿಟಿ ಮೋಡ್‌ನಲ್ಲಿ 4ಕೆ ಎಂದು ಕಾಣುವ ಚಿತ್ರ ಒಳಗೆ ತಯಾರಾಗುವುದು 2560×1440ರಲ್ಲಿ, ಪರ್ಫಾರ್ಮೆನ್ಸ್ ಮೋಡ್‌ನಲ್ಲಿ 1920×1080ರಲ್ಲಿ. ಅದನ್ನು ‘4ಕೆಯಲ್ಲಿ 90 ಎಫ್‌ಪಿಎಸ್’ ಎಂದು ಬರೆದರೆ ಓದುಗರಿಗೆ ಮೋಸ.

ಫ್ರೇಮ್ ಜನರೇಷನ್ ಇನ್ನೂ ಸೂಕ್ಷ್ಮ. 2022ರಲ್ಲಿ ಡಿಎಲ್‌ಎಸ್‌ಎಸ್ 3ರೊಂದಿಗೆ ಬಂದ ಇದು ಎರಡು ನಿಜವಾದ ಫ್ರೇಮ್‌ಗಳ ನಡುವೆ ಊಹೆಯ ಫ್ರೇಮ್ ತುರುಕುತ್ತದೆ. ಹಾಗೆ ಮಾಡಲು ಮುಂದಿನ ಫ್ರೇಮ್ ಬರುವ ತನಕ ಕಾಯಬೇಕು, ಹಾಗಾಗಿ ಮೌಸ್ ಒತ್ತಿದ್ದು ಪರದೆಯಲ್ಲಿ ಕಾಣಲು ತುಸು ತಡವೇ ಆಗುತ್ತದೆ. ಮೂಲ 30 ಎಫ್‌ಪಿಎಸ್ ಇದ್ದದ್ದು ಪರದೆಯಲ್ಲಿ 60 ಎಂದು ಕಂಡರೂ ಕೈಗೆ ಅದು 30ರಂತೆಯೇ, ಕೆಲವೊಮ್ಮೆ ಅದಕ್ಕಿಂತಲೂ ಭಾರವಾಗಿ ತಾಗುತ್ತದೆ. ಇದನ್ನು ಸಾಮಾನ್ಯ ಎಫ್‌ಪಿಎಸ್ ಗ್ರಾಫಿನಲ್ಲಿ ಬೇರೆ ಕಾರ್ಡಿನ ಪಕ್ಕ ನಿಲ್ಲಿಸುವುದು ಸಲ್ಲದು. ಕೊಡುವುದಾದರೆ ಮೂಲ ಎಫ್‌ಪಿಎಸ್, ಕಾಣುವ ಎಫ್‌ಪಿಎಸ್, ವಿಳಂಬ ಮೂರನ್ನೂ ಒಟ್ಟಿಗೆ ಕೊಡಿ. ಅಳೆಯುವಾಗ ಪ್ರೆಸೆಂಟ್‌ಮಾನ್ ಫೈಲಿನಲ್ಲಿ ಗೇಮ್ ಫ್ರೇಮ್ ಕಳಿಸಿದ ಅಂತರದ ಕಾಲಮ್ ಬಿಟ್ಟು, ಪರದೆ ಬದಲಾದ ಅಂತರದ ಕಾಲಮ್ ನೋಡಿ. ಆರ್‌ಟಿಎಕ್ಸ್ 50 ಸರಣಿಯ ಮಲ್ಟಿ ಫ್ರೇಮ್ ಜನರೇಷನ್‌ನಲ್ಲಿ ಫ್ರೇಮ್‌ಗಳ ಹಂಚಿಕೆ ಹಾರ್ಡ್‌ವೇರಿನಲ್ಲೇ ನಡೆಯುವುದರಿಂದ ಮೊದಲ ಕಾಲಮ್ ದಾರಿ ತಪ್ಪಿಸುತ್ತದೆ.

ವಿಳಂಬ ಅಳೆಯಲು ದುಬಾರಿ ಉಪಕರಣ ಬೇಕೇ?

240 ಎಫ್‌ಪಿಎಸ್ ಸ್ಲೋಮೋಷನ್ ಇರುವ ಫೋನ್ ಸಾಕು. ಮೌಸ್ ಮತ್ತು ಪರದೆ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಸ್ಟ್ಯಾಂಡಿಗೆ ಹಾಕಿ, ಬಂದೂಕು ಹಾರಿಸಿ. ಬೆರಳು ಒತ್ತಿದ ಕ್ಷಣದಿಂದ ಬೆಂಕಿ ಕಾಣುವ ತನಕ ವಿಡಿಯೊದಲ್ಲಿ ಎಷ್ಟು ಫ್ರೇಮ್ ಎಂದು ಎಣಿಸಿ, ಒಂದಕ್ಕೆ 4.17 ಮಿಲಿಸೆಕೆಂಡಿನಂತೆ ಗುಣಿಸಿ. 20 ಸಲ ಮಾಡಿ ಸರಾಸರಿ ತೆಗೆಯಿರಿ. ಕೆಲವು ಫೋನ್‌ಗಳ 960 ಎಫ್‌ಪಿಎಸ್ ಎಂಬುದು ನಡುವಿನ ಫ್ರೇಮ್ ಊಹಿಸಿ ತುಂಬಿದ್ದು, ಅದು ಬೇಡ. ಮಾನಿಟರ್ ಒಂದೇ ಇರಲಿ, ಪರದೆಯ ಒಂದೇ ಜಾಗ ನೋಡಿ. ಚಿತ್ರ ಮೇಲಿನಿಂದ ಕೆಳಕ್ಕೆ ಮೂಡುವುದರಿಂದ 60 ಹರ್ಟ್ಸ್ ಪರದೆಯಲ್ಲಿ ಮೇಲಂಚಿಗೂ ಕೆಳಂಚಿಗೂ ಹೆಚ್ಚುಕಡಿಮೆ 16 ಮಿಲಿಸೆಕೆಂಡ್ ವ್ಯತ್ಯಾಸ ಬರುತ್ತದೆ.

8 ಜಿಬಿ ಕಾರ್ಡ್ ಪರೀಕ್ಷೆಯಲ್ಲಿ ಚೆನ್ನಾಗಿತ್ತು, ಆಡುವಾಗ ಜರ್ಕ್ ಹೊಡೆಯುತ್ತದೆ. ಎಲ್ಲಿ ತಪ್ಪಿತು?

60 ಸೆಕೆಂಡಿನ ಸುತ್ತಿನಲ್ಲಿ ವಿಡಿಯೊ ಮೆಮೊರಿ ತುಂಬಿರುವುದಿಲ್ಲ. ಮೂರ್ನಾಲ್ಕು ಜಾಗ ಸುತ್ತಿ, ಕಾಲು ಗಂಟೆ ಆಡಿ, ಆಮೇಲೆ ಅಳೆಯಿರಿ. ಮೆಮೊರಿ ಮೀರಿದಾಗ ಕಾರ್ಡ್ ಪಿಸಿಐಇ ದಾರಿಯಲ್ಲಿ ಕಂಪ್ಯೂಟರಿನ ರ‍್ಯಾಮ್‌ನಿಂದ ಎರವಲು ತರುತ್ತದೆ. ಆ ದಾರಿ ಅಗಲ ಕಿರಿದಾದಷ್ಟೂ ಪೆಟ್ಟು ಜೋರು. ನಾಲ್ಕೇ ಲೇನ್ ಮತ್ತು 4 ಜಿಬಿ ಇದ್ದ ಆರ್‌ಎಕ್ಸ್ 6500 ಎಕ್ಸ್‌ಟಿ, ಹಳೆಯ ಪಿಸಿಐಇ 3.0 ಬೋರ್ಡಿನಲ್ಲಿ ತತ್ತರಿಸಿದ್ದು ಇದಕ್ಕೇ. ನಿಮ್ಮ ಓದುಗರಲ್ಲಿ ಬಿ450 ಬೋರ್ಡ್ ಇಟ್ಟುಕೊಂಡವರಿದ್ದರೆ ಪಿಸಿಐಇಯನ್ನು 3.0ಗೆ ಇಳಿಸಿ ಒಂದು ಸುತ್ತು ಅಳೆದು ಹಾಕಿ. ಹೊಸ ಬೋರ್ಡಿನ ಸಂಖ್ಯೆಗಿಂತ ಅವರಿಗೆ ಅದು ಹೆಚ್ಚು ಉಪಯೋಗ. ಚಿತ್ರವನ್ನೂ ಕಣ್ಣಿಟ್ಟು ನೋಡಿ. ಕೆಲವು ಗೇಮ್‌ಗಳು ವೇಗ ಇಳಿಸದೆ ಗೋಡೆ, ಬಟ್ಟೆಗಳ ಟೆಕ್ಸ್‌ಚರನ್ನು ಮಸುಕು ಮಾಡಿಬಿಡುತ್ತವೆ, ಗ್ರಾಫಿನಲ್ಲಿ ಅದು ಸಿಕ್ಕಿಬೀಳುವುದಿಲ್ಲ.

ಲ್ಯಾಪ್‌ಟಾಪ್‌ಗೆ ಬೇರೆ ಕ್ರಮವಿದೆಯೇ?

ಮುಖ್ಯವಾದದ್ದು ವ್ಯಾಟ್. ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಎಂಬ ಒಂದೇ ಹೆಸರಿನಡಿ 35ರಿಂದ 115 ವ್ಯಾಟ್ ತನಕದ ಮಾದರಿಗಳಿವೆ. ಹೆಸರು ನೋಡಿ ಹೋಲಿಸಬೇಡಿ, ಓಡುವಾಗ ಎಷ್ಟು ವ್ಯಾಟ್ ಎಳೆಯುತ್ತದೆಂದು ಬರೆಯಿರಿ. ಚಾರ್ಜರ್ ಸಿಕ್ಕಿಸಿ, ಗಟ್ಟಿ ಮೇಜಿನ ಮೇಲಿಟ್ಟು, ಮೊದಲ ನಿಮಿಷ ಮತ್ತು ಇಪ್ಪತ್ತನೆಯ ನಿಮಿಷ ಎರಡನ್ನೂ ಕೊಡಿ. ಮಕ್ಸ್ ಸ್ವಿಚ್ (ಪರದೆಯನ್ನು ನೇರ ಗ್ರಾಫಿಕ್ಸ್ ಚಿಪ್ಪಿಗೆ ಜೋಡಿಸುವ ಸ್ವಿಚ್) ಇದ್ದರೆ ಯಾವ ಸ್ಥಿತಿಯಲ್ಲಿತ್ತು, ರ‍್ಯಾಮ್ ಒಂದೇ ಕಡ್ಡಿಯೋ ಎರಡೋ ಎಂಬುದೂ ಬೇಕು. ಒಂದೇ ಕಡ್ಡಿ ಹಾಕಿ ಮಾರುವ ಲ್ಯಾಪ್‌ಟಾಪಿನಲ್ಲಿ 1% ಲೋ ಚೆನ್ನಾಗಿಯೇ ಪೆಟ್ಟು ತಿನ್ನುತ್ತದೆ.

ಲಿನಕ್ಸ್‌ನಲ್ಲಿ?

ಕೇರಳದ ಶಾಲೆಗಳಲ್ಲಿ ಕೈಟ್‌ನ (ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವ ಸರಕಾರಿ ಸಂಸ್ಥೆಯ) ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿತ ಮಕ್ಕಳು ಇದನ್ನು ಕೇಳುವುದು ಸಹಜ. ಫ್ರೇಮ್‌ಟೈಮ್ ತೋರಿಸಿ ದಾಖಲಿಸುವ ಮ್ಯಾಂಗೊಹಡ್ ಹಾಕಿಕೊಳ್ಳಿ, ಸ್ಟೀಮ್‌ನ ಲಾಂಚ್ ಆಪ್ಷನ್ನಿನಲ್ಲಿ ಗೇಮಿನ ಕಮಾಂಡಿಗೆ ಮುಂಚೆ ಅದರ ಹೆಸರು ಸೇರಿಸಿ. ಎಡ ಶಿಫ್ಟ್ ಮತ್ತು ಎಫ್2 ಒತ್ತಿದರೆ ಲಾಗ್ ಶುರು. ಪ್ರೋಟಾನ್ (ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ) ಆವೃತ್ತಿ, ಕರ್ನಲ್, ಮೆಸಾ (ಮುಕ್ತ ಗ್ರಾಫಿಕ್ಸ್ ಡ್ರೈವರ್) ಅಥವಾ ಎನ್ವಿಡಿಯಾ ಡ್ರೈವರ್ ಆವೃತ್ತಿ ಎಲ್ಲವನ್ನೂ ಬರೆಯಬೇಕು. ವಿಂಡೋಸ್ ಸಂಖ್ಯೆಯೊಂದಿಗೆ ನೇರವಾಗಿ ಬೆರೆಸಬೇಡಿ.

ಹತ್ತು ಗೇಮ್‌ಗಳ ಒಟ್ಟು ಸರಾಸರಿ ಹೇಗೆ ತೆಗೆಯುವುದು?

ಜ್ಯಾಮಿತೀಯ ಸರಾಸರಿ ತೆಗೆಯಿರಿ: ಎಲ್ಲ ಸಂಖ್ಯೆಗಳನ್ನು ಗುಣಿಸಿ, ಎರಡಿದ್ದರೆ ವರ್ಗಮೂಲ, ಹತ್ತಿದ್ದರೆ ಹತ್ತನೆಯ ಮೂಲ. ಎ ಕಾರ್ಡ್ ಹಗುರದ ಗೇಮಿನಲ್ಲಿ 400, ಭಾರದ ಗೇಮಿನಲ್ಲಿ 50. ಬಿ ಕಾರ್ಡ್ 440 ಮತ್ತು 40. ಮಾಮೂಲಿ ಸರಾಸರಿಯಲ್ಲಿ 225ಕ್ಕೆ ಎದುರು 240, ಬಿ ಗೆದ್ದಿತು. ಆದರೆ ಬಿ ಒಂದರಲ್ಲಿ ಶೇ 10 ಮುಂದಿದ್ದು, ಇನ್ನೊಂದರಲ್ಲಿ ಶೇ 20 ಹಿಂದಿದೆ. ಜ್ಯಾಮಿತೀಯ ಸರಾಸರಿ 141 ಮತ್ತು 133, ಗೆದ್ದದ್ದು ಎ. ಸಾಮಾನ್ಯ ಸರಾಸರಿಯಲ್ಲಿ 400 ಎಫ್‌ಪಿಎಸ್‌ನ ಗೇಮ್ ಒಂದೇ ಉಳಿದವನ್ನೆಲ್ಲ ನುಂಗಿಬಿಡುತ್ತದೆ.

ನನ್ನ ಹತ್ತಿರ ಒಂದೇ ಕಾರ್ಡ್ ಇದೆ. ಬೇರೆಯವರ ಸಂಖ್ಯೆ ಪಕ್ಕದಲ್ಲಿಟ್ಟು ಹೋಲಿಸಲೇ?

ಬೇಡ. ಅವರ ದೃಶ್ಯ, ಪ್ರೊಸೆಸರ್, ರ‍್ಯಾಮ್, ಗೇಮಿನ ಆವೃತ್ತಿ ಯಾವುದೂ ನಿಮ್ಮದಲ್ಲ. ಒಂದೇ ಕಾರ್ಡಿನಿಂದಲೂ ಗಟ್ಟಿ ವಿಮರ್ಶೆ ಮಾಡಬಹುದು: ಯಾವ ಸೆಟ್ಟಿಂಗ್ ಎಷ್ಟು ವೇಗ ತಿನ್ನುತ್ತದೆ, ವ್ಯಾಟ್ ಮಿತಿಯನ್ನು ಶೇ 80ಕ್ಕೆ ಇಳಿಸಿದರೆ ಏನಾಗುತ್ತದೆ, ಮೇ ತಿಂಗಳ ಸೆಕೆಯಲ್ಲಿ ಸದ್ದು ಎಷ್ಟು. ಹೋಲಿಕೆ ಬೇಕೆಂದಾದರೆ ಗೆಳೆಯರ ಕಾರ್ಡ್ ಎರವಲು ತಂದು ನಿಮ್ಮದೇ ಕಂಪ್ಯೂಟರಿನಲ್ಲಿ ಹಾಕಿ ಅಳೆಯಿರಿ.

ವಿಮರ್ಶೆಯ ಕೊನೆಗೆ ಏನೇನು ಬರೆದಿರಬೇಕು?

ಪ್ರೊಸೆಸರ್, ಬೋರ್ಡ್ ಮತ್ತು ಬಯೋಸ್ ಆವೃತ್ತಿ, ರ‍್ಯಾಮ್‌ನ ವೇಗ ಮತ್ತು ಕಡ್ಡಿಗಳ ಸಂಖ್ಯೆ, ಎಸ್‌ಎಂಪಿಎಸ್, ವಿಂಡೋಸ್ ಮತ್ತು ಡ್ರೈವರ್ ಆವೃತ್ತಿ, ಪ್ರತಿ ಗೇಮಿನ ಆವೃತ್ತಿ, ದೃಶ್ಯ, ಸೆಟ್ಟಿಂಗ್, ಸುತ್ತುಗಳ ಸಂಖ್ಯೆ, 1% ಲೋ ಲೆಕ್ಕದ ಕ್ರಮ, ಕೋಣೆಯ ತಾಪಮಾನ. ಕಾರ್ಡ್ ಸ್ವಂತ ದುಡ್ಡಿನದೋ, ಕಂಪನಿ ಕೊಟ್ಟದ್ದೋ ಎಂಬುದು ಮೊದಲ ಪ್ಯಾರಾದಲ್ಲೇ ಇರಲಿ. ಫ್ರೇಮ್‌ಟೈಮ್‌ನ ಮೂಲ ಫೈಲುಗಳನ್ನು ಅಳಿಸಬೇಡಿ. ದಿನಾಂಕ, ಕಾರ್ಡ್, ಗೇಮ್, ಸುತ್ತು ಎಂಬ ಕ್ರಮದಲ್ಲಿ ಹೆಸರಿಟ್ಟು ಓದುಗರು ಇಳಿಸಿಕೊಳ್ಳುವಂತೆ ಹಾಕಿ. ಯಾರಾದರೂ ‘ಇಲ್ಲಿ 1% ಲೋ ಸರಿಯಿಲ್ಲ’ ಎಂದರೆ ಮತ್ತೆ ಕಾರ್ಡ್ ಹುಡುಕಿಕೊಂಡು ಹೋಗದೆ, ಆ ಫೈಲ್ ತೆರೆದು ಯಾವ ಸೆಕೆಂಡಿನಲ್ಲಿ ಜರ್ಕ್ ಬಂತೆಂದು ಇಬ್ಬರೂ ಒಟ್ಟಿಗೆ ನೋಡಬಹುದು.